ಬೆಳ್ಳಿಯ ಡ್ರೆಸಿಂಗ್ ಟೇಬಲ್ ಸೆಟ್: ಗುರುತಿಸುವುದು, ಕೊಳ್ಳುವುದು, ಕಾಪಾಡುವುದು

ಬೆಳ್ಳಿ ಅಂದ ಕೂಡಲೇ ನಮ್ಮ ಕೈ ತಕ್ಕಡಿ ಕಡೆ ಹೋಗುತ್ತದೆ. ಎಷ್ಟು ಗ್ರಾಂ, ಇವತ್ತಿನ ರೇಟ್ ಎಷ್ಟು, ಸವಕಳಿ ಅಂತ ಎಷ್ಟು ಕಳೆಯುತ್ತಾರೆ. ಚೊಂಬು, ತಟ್ಟೆ, ದೀಪದ ಕಂಬಕ್ಕೆ ಈ ಲೆಕ್ಕ ಸರಿ. ಇಂಗ್ಲೆಂಡಿನ ಸಿರಿವಂತ ಹೆಂಗಸರ ಡ್ರೆಸಿಂಗ್ ಟೇಬಲ್ ಮೇಲಿದ್ದ ಹಳೆಯ ಬ್ರಷ್ಷು, ಕೈಗನ್ನಡಿ, ಪೌಡರ್ ಡಬ್ಬಿಗಳಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಕೊಳ್ಳುವಾಗ ತೂಕ ನೋಡಿದರೆ ಜಾಸ್ತಿ ದುಡ್ಡು ಕೊಡುತ್ತೀರಿ. ಮಾರುವಾಗ ತೂಕಕ್ಕೆ ಹಾಕಿದರೆ ನೂರು ವರ್ಷದ ಹಿಂದಿನ ಕೆಲಸ ಕರಗಿಸುವ ಮೂಸೆಗೆ ಹೋಗುತ್ತದೆ. ಈ ಸಾಮಾನುಗಳಲ್ಲಿ ಬೆಳ್ಳಿ ಇರುವುದು ಮೇಲಿನ ತೆಳ್ಳನೆಯ ಹೊದಿಕೆಯಲ್ಲಿ. ಒಳಗೇನಿದೆ ಅನ್ನುವುದೇ ಇಲ್ಲಿ ಮುಖ್ಯ. ಅದು ಗೊತ್ತಾದರೆ ಹೇಗೆ ಕೊಳ್ಳಬೇಕು, ಹೇಗೆ ತೊಳೆಯಬೇಕು, ಎಲ್ಲಿಡಬೇಕು ಅನ್ನುವುದೆಲ್ಲ ತಾನಾಗಿಯೇ ಗೊತ್ತಾಗುತ್ತದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಇವು ವಾರದ ಸಂತೆಗಳಲ್ಲಿ, ಚಾರಿಟಿ ಅಂಗಡಿಗಳಲ್ಲಿ, ಸಣ್ಣ ಊರಿನ ಹರಾಜುಗಳಲ್ಲಿ ಸುಲಭವಾಗಿ ಸಿಗುತ್ತವೆ. ನಮ್ಮ ಕಡೆಯೂ ಹಳೆಯ ಬಂಗಲೆಗಳಿಂದ ಬಂದ ಸಾಮಾನುಗಳ ನಡುವೆ ಆಗಾಗ ಕಾಣಿಸುತ್ತವೆ. ಯಾರ ಕೈಗೆ ಸಿಕ್ಕಿದರೂ ಮೊದಲ ಕೆಲಸ ಒಂದೇ: ಏನನ್ನೂ ತೊಳೆಯಬೇಡಿ. ಮೊದಲು ನೋಡಿ.

ಮೊದಲು ಯಾವುದು ಏನು ಅಂತ ತಿಳಿಯಿರಿ

17ನೇ ಶತಮಾನದಲ್ಲಿ ಬೆಳ್ಳಿಯ ಅಲಂಕಾರದ ಸೆಟ್ ಅಂದರೆ ಅರಮನೆ, ಜಮೀನ್ದಾರರ ಮನೆಯ ಸ್ವತ್ತು. ಎಷ್ಟೋ ಸಲ ಮದುವೆಗೆ ಬಂದ ಉಡುಗೊರೆ. ಎಡಿನ್‌ಬರೋದ ಸ್ಕಾಟ್ಲೆಂಡ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಲೆನಾಕ್ಸ್‌ಲವ್ ಸೆಟ್ ಇದೆ. ಪ್ಯಾರಿಸ್ಸಿನಲ್ಲಿ ಮಾಡಿದ್ದು, ರಿಚ್ಮಂಡಿನ ಡಚೆಸ್ ಫ್ರಾನ್ಸೆಸ್ ಸ್ಟುವರ್ಟ್ ಅವರದ್ದು ಎನ್ನುತ್ತಾರೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಕ್ಯಾಲ್ವರ್ಲಿ ಸೆಟ್ ಇದೆ, 1683ರ ಸುಮಾರಿನದು. ಇವು ದಪ್ಪ ಬೆಳ್ಳಿಯಲ್ಲಿ, ಕೈಯಿಂದಲೇ ಬಡಿದು ಮಾಡಿದವು. ಜೋಹಾನ್ ಜೋಫನಿ 1765ರ ಸುಮಾರಿಗೆ ಬರೆದ ಚಿತ್ರದಲ್ಲಿ ರಾಣಿ ಷಾರ್ಲೆಟ್ ಇಂಥದೇ ಮೇಜಿನ ಮುಂದೆ ಇಬ್ಬರು ಗಂಡುಮಕ್ಕಳ ಜೊತೆ ಕೂತಿದ್ದಾಳೆ. ಮೇಜಿಗೆ ಲೇಸಿನ ಹೊದಿಕೆ, ಮೇಲೆ ಚಿನ್ನದ ಲೇಪದ ಬೆಳ್ಳಿ ಡಬ್ಬಿಗಳು. ಆ ಕಾಲದ ಮೇಜು ಹೇಗಿರುತ್ತಿತ್ತು ಅಂತ ನೋಡಲು ಆ ಚಿತ್ರವೇ ಒಳ್ಳೆಯದು.

ನಮಗೆ ಸಿಗುವುದು ಸಾಮಾನ್ಯವಾಗಿ ಅಂಥವಲ್ಲ. ಅವು 1880ರಿಂದ 1930ರ ನಡುವಿನವು. ಆ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳಲ್ಲಿ ಬೆಳ್ಳಿಯನ್ನು ತೆಳು ತಗಡಾಗಿ ಎಳೆದು, ಉಕ್ಕಿನ ಅಚ್ಚಿನ ಮೇಲಿಟ್ಟು ಒತ್ತಿ ಚಿತ್ತಾರ ಮೂಡಿಸುತ್ತಿದ್ದರು. ಹಾಗಾಗಿ ಡಚೆಸ್‌ಗಳ ಮೇಜಿನ ಮೇಲಿದ್ದದ್ದು ಗಿರಣಿ ಮಾಲೀಕರ, ಡಾಕ್ಟರರ, ಬ್ಯಾಂಕರುಗಳ ಹೆಂಡತಿಯರ ಮೇಜಿಗೂ ಬಂತು. ಮದುವೆಗೆ, 21ನೇ ಹುಟ್ಟುಹಬ್ಬಕ್ಕೆ ಕೊಡುವ ಉಡುಗೊರೆಯೂ ಆಯಿತು.

ಸೆಟ್ಟಿನ ಬೆನ್ನೆಲುಬು ನಾಲ್ಕು: ಕೈಗನ್ನಡಿ, ಒಂದೆರಡು ಹೇರ್ ಬ್ರಷ್, ಬಟ್ಟೆ ಬ್ರಷ್, ಬಾಚಣಿಗೆ. ಅದರ ಸುತ್ತ ಚಿಕ್ಕಪುಟ್ಟವು ಸೇರುತ್ತಾ ಹೋಗುತ್ತವೆ. ಕತ್ತರಿಯ ಹಾಗೆ ಕಂಡರೂ ತುದಿ ಮೊಂಡಾಗಿದ್ದು, ಹಿಡಿ ಒತ್ತಿದರೆ ಬಾಯಿ ತೆರೆಯುವಂಥದು ಕೈಗವುಸು ಹಿಗ್ಗಿಸುವ ಸಾಧನ. ಮೇಕೆಮರಿ ಚರ್ಮದ ಕೈಗವುಸು ಬೆರಳಿಗೆ ಅಂಟಿಕೊಂಡಂತೆ ಇರಬೇಕಿತ್ತು, ಹಾಕುವ ಮುಂಚೆ ಒಂದೊಂದೇ ಬೆರಳು ಹಿಗ್ಗಿಸಬೇಕಿತ್ತು. ಬೆಳ್ಳಿ ಹಿಡಿಯ ಉಕ್ಕಿನ ಕೊಕ್ಕೆ ಬೂಟಿನ ಮತ್ತು ಕೈಗವುಸಿನ ಗುಂಡಿ ಹಾಕಲಿಕ್ಕೆ. ಉಗುರು ಹೊಳಪಿಸುವ, ಮೆತ್ತನೆ ಚರ್ಮ ಹೊದಿಸಿದ ದೋಣಿಯಾಕಾರದ ತುಂಡು, ಉಂಗುರ ತೂಗುಹಾಕುವ ಪುಟ್ಟ ಮರ, ಟೋಪಿಗೆ ಚುಚ್ಚುವ ಉದ್ದದ ಪಿನ್ನಿನ ನಿಲುವು, ಸೆಂಟ್ ಬಾಟಲಿ ಕೂಡ ಇರುತ್ತವೆ. ಎರಡೂ ಕಡೆ ಮುಚ್ಚಳವಿರುವ ಉದ್ದನೆಯ ಗಾಜಿನ ಬಾಟಲಿ ಸಿಕ್ಕರೆ ಒಂದು ಬದಿ ಸೆಂಟಿಗೆ, ಇನ್ನೊಂದು ಬದಿ ತಲೆಸುತ್ತು ಬಂದಾಗ ಮೂಸುವ ಖಾರದ ಉಪ್ಪಿಗೆ.

ಮುಚ್ಚಳದ ನಡುವೆ ಬೆರಳು ಹೋಗುವಷ್ಟು ತೂತಿರುವ ಡಬ್ಬಿಯನ್ನು ಹೊಸಬರು ಪೌಡರ್ ಡಬ್ಬಿ ಅಂದುಕೊಳ್ಳುತ್ತಾರೆ. ಅದು ಉದುರಿದ ಕೂದಲು ಹಾಕುವ ಡಬ್ಬಿ. ಬಾಚಣಿಗೆಗೆ ಬಂದ ಕೂದಲನ್ನು ಸುತ್ತಿ ಆ ತೂತಿನಿಂದ ಒಳಗೆ ತಳ್ಳುತ್ತಿದ್ದರು. ಸಾಕಷ್ಟು ಸೇರಿದ ಮೇಲೆ ಅದನ್ನೇ ಉಂಡೆ ಮಾಡಿ, ತಲೆಗೂದಲಿನ ಒಳಗಿಟ್ಟು ಎತ್ತರದ ಕೇಶಾಲಂಕಾರ ನಿಲ್ಲಿಸುತ್ತಿದ್ದರು. ನಮ್ಮ ಅಜ್ಜಿಯರು ಉದುರಿದ ಕೂದಲು ಕೂಡಿಸಿಟ್ಟು ಚೌರಿ ಮಾಡಿಸುತ್ತಿದ್ದರಲ್ಲ, ಅದೇ ಯೋಚನೆ.

ಮುದ್ರೆ ಓದುವುದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಬೇಕು, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದು. ಬ್ರಷ್ಷಿನಲ್ಲಿ ಮುದ್ರೆ ಅಂಚಿನ ಪಕ್ಕದಲ್ಲಿ, ಕನ್ನಡಿಯಲ್ಲಿ ಹಿಡಿಯ ಮೇಲೆ ಅಥವಾ ಚೌಕಟ್ಟಿನ ಬದಿಯಲ್ಲಿ, ಬಾಚಣಿಗೆಯಲ್ಲಿ ಮೇಲಿನ ಬೆಳ್ಳಿ ಪಟ್ಟಿಯಲ್ಲಿ ಇರುತ್ತದೆ. ಚಿತ್ತಾರದ ಎಲೆಬಳ್ಳಿ ನಡುವೆ ಅಡಗಿರುತ್ತದೆ, ತಾಳ್ಮೆಯಿಂದ ಹುಡುಕಿ.

ಇಂಗ್ಲೆಂಡಿನ ಬೆಳ್ಳಿಗೆ ನಾಲ್ಕು ಗುರುತು ಸಾಮಾನ್ಯ. ಎಡಕ್ಕೆ ನಡೆಯುತ್ತಿರುವ ಸಿಂಹ ಇದ್ದರೆ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಎರಡನೆಯದು ಬೆಳ್ಳಿಯ ಶುದ್ಧತೆ ಪರೀಕ್ಷೆ ಮಾಡಿದ ಊರು: ಚಿರತೆಯ ಮುಖ ಲಂಡನ್, ಲಂಗರು ಬರ್ಮಿಂಗ್‌ಹ್ಯಾಮ್, ಕಿರೀಟ ಶೆಫೀಲ್ಡ್, ಖಡ್ಗದ ಜೊತೆ ಮೂರು ಗೋಧಿ ಸಿವುಡು ಚೆಸ್ಟರ್. ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡಿಗೆ ಪರೀಕ್ಷಾ ಕಚೇರಿ ಬಂದದ್ದು 1773ರಲ್ಲಿ. ಸಮುದ್ರವೇ ಇಲ್ಲದ ಬರ್ಮಿಂಗ್‌ಹ್ಯಾಮಿಗೆ ಲಂಗರು ಯಾಕೆ ಅಂದರೆ, ಈ ಕಚೇರಿಗಳನ್ನು ಕೊಡಿಸುವ ಮಸೂದೆಗಾಗಿ ಓಡಾಡಿದವರು ಲಂಡನ್ನಿನ ಕ್ರೌನ್ ಅಂಡ್ ಆಂಕರ್ ಅನ್ನುವ ಹೋಟೆಲಿನಲ್ಲಿ ಸೇರುತ್ತಿದ್ದರಂತೆ. ಒಂದು ಊರಿಗೆ ಕಿರೀಟ, ಇನ್ನೊಂದಕ್ಕೆ ಲಂಗರು ಸಿಕ್ಕಿತು ಅನ್ನುತ್ತಾರೆ. ಚೆಸ್ಟರ್ ಕಚೇರಿ 1962ರಲ್ಲಿ ಮುಚ್ಚಿತು, ಆದ್ದರಿಂದ ಆ ಮುದ್ರೆ ಇರುವುದೆಲ್ಲ ಅದಕ್ಕಿಂತ ಹಿಂದಿನದು.

ಮೂರನೆಯದು ವರ್ಷದ ಅಕ್ಷರ. ಹೆಚ್ಚು ಜನ ತಪ್ಪುವುದು ಇಲ್ಲೇ. ಇಂಗ್ಲಿಷಿನ ಚಿಕ್ಕ 'ಎ' ಅಕ್ಷರ ಕಂಡಿತು ಅನ್ನಿ. ಅದು ಶೆಫೀಲ್ಡಿನಲ್ಲಿ 1893, ಲಂಡನ್ನಿನಲ್ಲಿ 1896, ಬರ್ಮಿಂಗ್‌ಹ್ಯಾಮಿನಲ್ಲಿ 1900. ಒಂದೇ ಊರಿನಲ್ಲೂ ಬೇರೆ ಬೇರೆ ಕಾಲದಲ್ಲಿ ಅದೇ ಅಕ್ಷರ ಮತ್ತೆ ಬರುತ್ತದೆ. ಆಗ ಬರಹದ ಶೈಲಿ ಮತ್ತು ಸುತ್ತಲಿನ ಚೌಕಟ್ಟಿನ ಆಕಾರ ಬೇರೆ ಇರುತ್ತದೆ. ಹಾಗಾಗಿ ಮೊದಲು ಊರು, ಆಮೇಲೆ ಚೌಕಟ್ಟು, ಕೊನೆಗೆ ಅಕ್ಷರ. ಈ ಕ್ರಮ ಬಿಡಬೇಡಿ. ಆಗ ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಲ್ಲ, ವರ್ಷದ ನಡುವೆ. ಅದಕ್ಕೇ ತಿಳಿದವರು 1900–01 ಅಂತ ಬರೆಯುತ್ತಾರೆ.

ನಾಲ್ಕನೆಯದು ಮಾಡಿಸಿದವರ ಇನಿಶಿಯಲ್. ಡ್ರೆಸಿಂಗ್ ಟೇಬಲ್ ಸಾಮಾನಿನಲ್ಲಿ ಲಂಡನ್ನಿನ ವಿಲಿಯಂ ಕಾಮಿನ್ಸ್ ದೊಡ್ಡ ಹೆಸರು. ಬರ್ಮಿಂಗ್‌ಹ್ಯಾಮಿನ ಲೆವಿ ಅಂಡ್ ಸಲಮನ್, ಶೆಫೀಲ್ಡಿನ ವಾಕರ್ ಅಂಡ್ ಹಾಲ್, ಮ್ಯಾಪಿನ್ ಅಂಡ್ ವೆಬ್ ಕೂಡ ಆಗಾಗ ಸಿಗುತ್ತವೆ. ಟೋಪಿ ಪಿನ್ನುಗಳಿಗೆ ಹ್ಯಾಲಿಫ್ಯಾಕ್ಸಿನ ಚಾರ್ಲ್ಸ್ ಹಾರ್ನರ್. ಇವುಗಳ ಜೊತೆ ರಾಜ ಅಥವಾ ರಾಣಿಯ ತಲೆಯ ಮುದ್ರೆಯೂ ಇದ್ದರೆ ಅದು ಸುಂಕ ಕಟ್ಟಿದ ಗುರುತು, 1784ರಿಂದ 1890ರವರೆಗೆ ಮಾತ್ರ ಹಾಕಿದ್ದು. ದೊರೆ ಎಡ್ವರ್ಡನ ಕಾಲದ್ದು (1901–10) ಅಂತ ಹೇಳಿ ಮಾರುತ್ತಿರುವ ಬ್ರಷ್ಷಿನಲ್ಲಿ ಸುಂಕದ ತಲೆ ಕಂಡರೆ ಮಾರುವವರಿಗೆ ಸಾಮಾನಿನ ಬಗ್ಗೆ ಗೊತ್ತಿಲ್ಲ ಅಂತ ಅರ್ಥ.

ಬೇರೆ ದೇಶದವು ಬೇರೆ ಥರ. ಫ್ರಾನ್ಸಿನದಕ್ಕೆ 1838ರಿಂದ ಮಿನರ್ವಾ ದೇವತೆಯ ತಲೆ. ಜರ್ಮನಿಯದಕ್ಕೆ 1888ರಲ್ಲಿ ಜಾರಿಗೆ ಬಂದ ಕಾನೂನಿನ ನಂತರ ಅರ್ಧಚಂದ್ರ, ಕಿರೀಟ, ಜೊತೆಗೆ ಬಹಳಸಲ 800 ಅನ್ನುವ ಅಂಕಿ. ಅಮೆರಿಕದ್ದಕ್ಕೆ ಸ್ಟರ್ಲಿಂಗ್ ಅನ್ನುವ ಪದ, ಪಕ್ಕದಲ್ಲಿ ಗೋರಂ, ಅಂಗರ್ ಬ್ರದರ್ಸ್ ಥರದ ಕಂಪನಿಗಳ ಗುರುತು. ಇಂಡಿಯಾದಲ್ಲಿ ಆಗ ಇಂಥ ಸರ್ಕಾರಿ ಮುದ್ರೆ ಇರಲಿಲ್ಲ, ಮಾಡಿದವರ ಹೆಸರಷ್ಟೇ. ಮದರಾಸಿನ ಪಿ. ಓರ್ ಅಂಡ್ ಸನ್ಸ್ ದೇವರ ಚಿತ್ರಗಳನ್ನು ಎತ್ತಿ ಮೂಡಿಸಿದ ಬೆಳ್ಳಿಗೆ ಹೆಸರಾಗಿತ್ತು. ಭುಜ್‌ನ ಊಮರ್ಸಿ ಮಾವ್ಜಿ ಕಛ್‌ನ ಎಲೆಬಳ್ಳಿ ಕೆಲಸಕ್ಕೆ ಹೆಸರು. ಬೆಂಗಳೂರಿನಲ್ಲಿ ಬಾರ್ಟನ್ ಅಂಗಡಿ ಇತ್ತು. ಈ ಹೆಸರುಗಳಿರುವ ಡಬ್ಬಿ, ಕನ್ನಡಿ ಸಿಕ್ಕರೆ ಸಿಂಹದ ಮುದ್ರೆ ಇಲ್ಲ ಅಂತ ಬಿಟ್ಟುಬಿಡಬೇಡಿ. ಬೆಂಗಳೂರಿನದು ಸಿಕ್ಕರಂತೂ ದಯವಿಟ್ಟು ಕರಗಿಸಬೇಡಿ.

ಇ.ಪಿ.ಎನ್.ಎಸ್. ಅಂತಿದ್ದರೆ ಅದು ಬೆಳ್ಳಿ ಗಿಲೀಟು. ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು, ಕೆಳಗಿರುವುದು ನಾವು ಜರ್ಮನ್ ಸಿಲ್ವರ್ ಅನ್ನುವ ಲೋಹ. ಆಯಸ್ಕಾಂತ ಹಿಡಿದು ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ, ಬೆಳ್ಳಿಗೂ ಅಂಟುವುದಿಲ್ಲ, ಜರ್ಮನ್ ಸಿಲ್ವರಿಗೂ ಅಂಟುವುದಿಲ್ಲ. ಅಂಗಡಿಯ ಮೆಷಿನ್ ಟೆಸ್ಟ್ ಮೇಲ್ಮೈಯನ್ನಷ್ಟೇ ಓದುತ್ತದೆ, ದಪ್ಪ ಗಿಲೀಟಿದ್ದರೆ ಅದೂ ಬೆಳ್ಳಿ ಅಂದೇ ತೋರಿಸಬಹುದು. ಒರೆಗಲ್ಲಿಗೆ ಉಜ್ಜಲು ಮಾತ್ರ ಬಿಡಲೇಬೇಡಿ. ತೆಳು ತಗಡಿನ ಮೇಲೆ ಆ ಗೆರೆ ಶಾಶ್ವತ. ಎದ್ದು ನಿಂತ ಜಾಗಗಳಲ್ಲಿ ಬೆಳ್ಳಿ ಸವೆದು ಹಳದಿಯೋ ಬೂದುಬಣ್ಣವೋ ಇಣುಕುತ್ತಿದೆಯಾ ನೋಡಿ, ಗಿಲೀಟು ಅಲ್ಲೇ ಸಿಕ್ಕಿಬೀಳುತ್ತದೆ.

ಹೊದಿಕೆಯ ಕೆಳಗೆ ಏನಿದೆ

ಹೇರ್ ಬ್ರಷ್ಷನ್ನು ಕೈಯಲ್ಲಿ ಹಿಡಿಯಿರಿ. ಭಾರ ಅನ್ನಿಸುತ್ತದೆ. ಆ ಭಾರದಲ್ಲಿ ಬಹುಪಾಲು ಮರ, ರಾಳ, ಅರಗಿನಂಥ ಗಟ್ಟಿ ಅಂಟು. ಮೇಲಿನ ಬೆಳ್ಳಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ತೆಳು. ಒಳಗೆ ತುಂಬದಿದ್ದರೆ ಕೈಯಲ್ಲಿ ಒತ್ತಿದರೇ ತಗ್ಗಿಬಿಡುತ್ತಿತ್ತು. ಕೊಕ್ಕೆಗಳ ಹಿಡಿ, ಶೂ ಹಾಕುವ ಚಮಚದ ಹಿಡಿ, ಕನ್ನಡಿಯ ಹಿಂಬದಿ ಎಲ್ಲವೂ ಹೀಗೇ. ಬೆಳ್ಳಿಯ ತಟ್ಟೆ, ಪೂರ್ತಿ ಬೆಳ್ಳಿಯ ಡಬ್ಬಿ, ಗಾಜಿನ ಡಬ್ಬಿಯ ಮುಚ್ಚಳಗಳಲ್ಲಿ ಮಾತ್ರ ಒಳಗೆ ತುಂಬಿರುವುದಿಲ್ಲ. ಇವನ್ನು ತೂಗಿದರೆ ಸಿಕ್ಕ ಅಂಕಿಗೆ ಸ್ವಲ್ಪ ಅರ್ಥವಿದೆ.

ಸವೆತ ಎಲ್ಲಿ ನೋಡಬೇಕು ಅನ್ನುವುದಕ್ಕೆ ಒಂದು ವಿನ್ಯಾಸವನ್ನೇ ತೆಗೆದುಕೊಳ್ಳೋಣ. ಮೋಡದ ನಡುವೆ ರೆಕ್ಕೆ ಇರುವ ಐದು ಮಕ್ಕಳ ಮುಖ, ಈ ಬ್ರಷ್ಷು ಕನ್ನಡಿಗಳು ಎಲ್ಲ ಕಡೆ ಸಿಗುತ್ತವೆ, ರೆನಾಲ್ಡ್ಸ್ ಏಂಜಲ್ಸ್ ಅನ್ನುತ್ತಾರೆ. ಜೋಶುವಾ ರೆನಾಲ್ಡ್ಸ್ ಒಬ್ಬಳೇ ಪುಟ್ಟ ಹುಡುಗಿಯ ಮುಖವನ್ನು ಐದು ಕಡೆಯಿಂದ ಬರೆದ ಚಿತ್ರ ಅದು, 1787ರದ್ದು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ನೂರು ವರ್ಷದ ಮೇಲೆ ಕಾಮಿನ್ಸ್ ಮತ್ತು ಇತರರು ಅದನ್ನು ಬೆಳ್ಳಿಯ ಮೇಲೆ ಒತ್ತಿದರು. ಈಗ ಭೂತಗನ್ನಡಿಯನ್ನು ಒಂದೊಂದು ಮುಖದ ಮೇಲೂ ಇಡಿ. ಮೂಗು, ಹಣೆ, ಉಬ್ಬಿದ ಕೆನ್ನೆ. ಅಚ್ಚಿನಲ್ಲಿ ಅತಿ ಹೆಚ್ಚು ಎಳೆಸಿಕೊಂಡು ಅತಿ ತೆಳುವಾಗಿರುವುದು ಈ ಜಾಗ, ಪಾಲಿಶ್ ಬಟ್ಟೆ ಮೊದಲು ತಾಗುವುದೂ ಇಲ್ಲೇ. ಒಳ್ಳೆಯ ತುಂಡಿನಲ್ಲಿ ಕಣ್ಣಿನ ರೆಪ್ಪೆ, ಕೂದಲಿನ ಎಳೆ ಬಿಡಿಬಿಡಿಯಾಗಿ ಕಾಣುತ್ತವೆ. ಸವೆದದ್ದರಲ್ಲಿ ಮುಖ ನುಣ್ಣಗಾಗಿ ಕಣ್ಣು ಮೂಗು ಒಂದಾಗಿರುತ್ತದೆ. ಇನ್ನೂ ಸವೆದರೆ ಮೂಗಿನ ತುದಿಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕಿ ಕಾಣುತ್ತದೆ. ಅದು ಕೊಳೆಯಲ್ಲ, ತೂತು. ಒಳಗಿನ ಅರಗು ಕಾಣುತ್ತಿದೆ. ಅಂಥದನ್ನು ಉಜ್ಜಿದಷ್ಟೂ ತೂತು ದೊಡ್ಡದಾಗುತ್ತದೆ.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಬೆಳ್ಳಿಯ ಮೇಲೆ ಬಾಯಿಂದ ಹಾ ಅಂತ ಉಸಿರು ಬಿಡಿ. ಮಂಜು ಕವಿದ ಆ ಒಂದೆರಡು ಕ್ಷಣದಲ್ಲಿ ಹಳೆಯ ಬೆಸುಗೆಯ ಗೆರೆ, ತೇಪೆ, ಅಳಿಸಿಹಾಕಿದ ಇನಿಶಿಯಲ್ಲಿನ ನೆರಳು ಎದ್ದು ಕಾಣುತ್ತವೆ. ಒಡತಿಯ ಇನಿಶಿಯಲ್ ಅಳಿಸಿದ ಜಾಗದಲ್ಲಿ ಬೆಳ್ಳಿ ತೆಳುವಾಗಿರುತ್ತದೆ. ಹೆಬ್ಬೆರಳಲ್ಲಿ ಮೆಲ್ಲಗೆ ಸವರಿದರೆ ಸಣ್ಣ ತಗ್ಗು ಸಿಗುತ್ತದೆ. ಇನಿಶಿಯಲ್ ಇದ್ದರೆ ಬೆಲೆ ಕಮ್ಮಿ ಅಂತ ವ್ಯಾಪಾರಿಗಳು ಹೇಳುತ್ತಾರೆ. ನನ್ನ ಮಟ್ಟಿಗೆ ಇನಿಶಿಯಲ್ ಇರುವ ತುಂಡೇ ಮೇಲು. ಅದು ಯಾರೋ ಒಬ್ಬ ಹೆಂಗಸು ದಿನಾ ಬೆಳಿಗ್ಗೆ ಕೈಗೆತ್ತಿಕೊಂಡ ವಸ್ತು, ಆಕೆಯ ಗುರುತನ್ನು ಅಳಿಸುವ ಹಕ್ಕು ನಮಗಿಲ್ಲ.

ಬೆಳ್ಳಿಯಲ್ಲದ ಭಾಗಗಳು

ಬಾಚಣಿಗೆಯ ಹಲ್ಲು ಏನರದ್ದು ಅಂತ ನೋಡದೆ ಕೊಳ್ಳಬೇಡಿ. ಹಳೆಯವು ಸಮುದ್ರದ ಹಾಕ್ಸ್‌ಬಿಲ್ ಆಮೆಯ ಚಿಪ್ಪು ಇರಬಹುದು, ಜೇನಿನ ಬಣ್ಣದಲ್ಲಿ ಕಂದು ಮೋಡದ ಹಾಗೆ ಕಲೆ. ಕೆಲವು ಬ್ರಷ್ಷಿನ ಹಿಡಿ, ಉಗುರು ಸಾಮಾನು ಆನೆದಂತದವು. ಇವೆರಡೂ ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಕೆಳಗೆ ಬರುತ್ತವೆ. ಬ್ರಿಟನ್ನಿನಲ್ಲಿ 2018ರ ದಂತ ಕಾಯ್ದೆ 2022ರಿಂದ ಜಾರಿಯಲ್ಲಿದೆ, ಕೆಲವು ವಿನಾಯಿತಿ ಬಿಟ್ಟರೆ ದಂತದ ವ್ಯಾಪಾರವೇ ಇಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಬಿಗಿ. ಆನ್‌ಲೈನಿನಲ್ಲಿ ಚೆನ್ನಾಗಿದೆ ಅಂತ ಕೊಂಡು ಊರಿಗೆ ಕಳಿಸಲು ಹೋಗಬೇಡಿ, ಕಸ್ಟಮ್ಸಿನಲ್ಲಿ ಹಿಡಿದರೆ ವಸ್ತುವೂ ಹೋಗುತ್ತದೆ, ಕೇಸೂ ಬೀಳುತ್ತದೆ.

20ನೇ ಶತಮಾನದ ಬಾಚಣಿಗೆಗಳು ಬಹಳಷ್ಟು ಸೆಲ್ಯುಲಾಯ್ಡ್, ಅಂದರೆ ಹಳೆಯ ಕಾಲದ ಒಂದು ಥರದ ಪ್ಲಾಸ್ಟಿಕ್. ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ ಮೂಸಿ, ಕರ್ಪೂರದ ವಾಸನೆ ಬಂದರೆ ಅದೇ. ಅದನ್ನು ಮಾಡುವಾಗ ಕರ್ಪೂರ ಸೇರಿಸುತ್ತಿದ್ದರು. ಬಿಸಿ ಸೂಜಿ ಚುಚ್ಚಿ ನೋಡುವ ವಿಧಾನ ಕೆಲವು ಕಡೆ ಹೇಳುತ್ತಾರೆ, ದಯವಿಟ್ಟು ಮಾಡಬೇಡಿ, ಸೆಲ್ಯುಲಾಯ್ಡ್ ಭಗ್ ಅಂತ ಹತ್ತಿಕೊಳ್ಳುತ್ತದೆ. ಹಳೆಯದಾದಾಗ ಇದು ಬೆವರಿದ ಹಾಗೆ ಜಿಗುಟಾಗಿ, ಬಿರುಕು ಬಿಟ್ಟು, ಆಮ್ಲದ ಆವಿ ಬಿಡುತ್ತದೆ. ಆ ಆವಿ ಪಕ್ಕದ ಬೆಳ್ಳಿ, ಉಕ್ಕು ಎರಡನ್ನೂ ತಿನ್ನುತ್ತದೆ. ಜಿಗುಟಾದ ಬಾಚಣಿಗೆಯನ್ನು ಸೆಟ್ಟಿನಿಂದ ಬೇರೆ ಮಾಡಿ, ಗಾಳಿಯಾಡುವ ತಣ್ಣನೆ ಜಾಗದಲ್ಲಿಡಿ. ದೀಪದ ಹತ್ತಿರ ಬೇಡ.

ಕನ್ನಡಿಯ ಗಾಜು ಹಳೆಯದಾದರೆ ಅಲ್ಲಲ್ಲಿ ಕಲೆ ಸಹಜ. 19ನೇ ಶತಮಾನದಲ್ಲೂ ತವರ ಪಾದರಸ ಸೇರಿಸಿದ ಕನ್ನಡಿಗಳು ಇದ್ದವು. ಅಂಚಿನಲ್ಲಿ ಸಣ್ಣ ಹೊಳೆಯುವ ಹನಿಗಳು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಬಿಚ್ಚಲೂಬೇಡಿ.

ಕೊಳ್ಳುವಾಗ

ಸೆಟ್ ಅಂತ ಮಾರುವಾಗ ಪ್ರತಿಯೊಂದರ ಮುದ್ರೆಯನ್ನೂ ಬೇರೆ ಬೇರೆಯಾಗಿ ನೋಡಿ. ಒಂದೇ ಇನಿಶಿಯಲ್, ಒಂದೇ ಊರು, ಹೆಚ್ಚೆಂದರೆ ಒಂದೆರಡು ವರ್ಷದ ವ್ಯತ್ಯಾಸ ಇದ್ದರೆ ನಿಜವಾದ ಸೆಟ್. ಚಿತ್ತಾರ ಒಂದೇ ಥರ ಕಂಡರೂ ಮುದ್ರೆ ಹೊಂದದಿದ್ದರೆ ಆಮೇಲೆ ಕೂಡಿಸಿದ್ದು. ಕೂಡಿಸಿದ್ದು ಕೆಟ್ಟದ್ದೇನಲ್ಲ, ಸೆಟ್ಟಿನ ಬೆಲೆ ಮಾತ್ರ ಕೊಡಬೇಡಿ. ಗಾಜಿನ ಡಬ್ಬಿಯ ಮುಚ್ಚಳ ತಿರುಗಿಸಿ ನೋಡಿ, ಎಲ್ಲ ಕಡೆಯೂ ಒಂದೇ ಸಮ ಕೂರಬೇಕು. ಹಳೆಯ ಪೆಟ್ಟಿಗೆ ಸಮೇತ ಸಿಕ್ಕರೆ ಪೆಟ್ಟಿಗೆಯ ಒಳಗಿನ ಗುಂಡಿಗಳಲ್ಲಿ ಪ್ರತಿಯೊಂದೂ ಕೂರುತ್ತದಾ ನೋಡಿ. ಪ್ರಯಾಣದ ಡ್ರೆಸಿಂಗ್ ಕೇಸುಗಳಲ್ಲಿ ಆಭರಣ ಇಡುವ ಗುಟ್ಟಿನ ಡ್ರಾಯರ್ ಇರುವುದುಂಟು. ಒಳಗೆಲ್ಲೋ ಇರುವ ಗುಂಡಿ ಒತ್ತಿದರೆ ಸ್ಪ್ರಿಂಗಿನಿಂದ ಹೊರಗೆ ಬರುತ್ತದೆ. ಬರದಿದ್ದರೆ ಬಲವಂತ ಬೇಡ.

ಬೆಳ್ಳಿಯ ಮೇಲೆ ಬಣ್ಣದ ಗಾಜಿನಂಥ ಎನಾಮೆಲ್ ಇರುವ ಸೆಟ್ಟುಗಳು ಹೆಚ್ಚಾಗಿ 1920, 30ರ ದಶಕದವು. ಎನಾಮೆಲ್ ಕೆಳಗೆ ಕಿರಣದ ಹಾಗೆ ಗೆರೆ ಕೊರೆದಿರುತ್ತಾರೆ, ಬೆಳಕಿಗೆ ತಿರುಗಿಸಿದರೆ ಗೆರೆಗಳು ಓಡುತ್ತವೆ. ಬಹಳ ಚೆಂದ. ಆದರೆ ಅಂಚಿನಲ್ಲಿ ಒಂದು ಚೂರು ಹಾರಿದ್ದರೂ ಹಳೆಯ ಹಾಗೆ ಸರಿಮಾಡುವುದು ಆಗುವುದಿಲ್ಲ. ಉಗುರಿನಿಂದ ಸುತ್ತ ಸವರಿ ನೋಡಿ.

ಆರಂಭಿಸುವವರಿಗೆ ನನ್ನ ಸಲಹೆ: ಬ್ರಷ್ಷಿನಿಂದ ಶುರುಮಾಡಬೇಡಿ. ಗಾಜಿನ ಪೌಡರ್ ಡಬ್ಬಿಯೋ ಪಿನ್ ಇಡುವ ಪುಟ್ಟ ಬೆಳ್ಳಿ ತಟ್ಟೆಯೋ ಕೊಳ್ಳಿ. ಒಳಗೆ ಅರಗಿಲ್ಲ, ಕೂದಲಿಲ್ಲ, ಮುದ್ರೆ ಓದಲು ಸುಲಭ, ದಿನಾ ಬಳಸಬಹುದು.

ಸ್ವಚ್ಛ ಮಾಡುವುದು

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಮೇಲಿನ ಆ ಕಪ್ಪು ಪದರ ಬೆಳ್ಳಿಯೇ, ಗಂಧಕ ಸೇರಿಕೊಂಡ ಬೆಳ್ಳಿ. ಪ್ರತಿ ಸಲ ಉಜ್ಜಿ ತೆಗೆದಾಗಲೂ ಬೆಳ್ಳಿಯೇ ಹೋಗುತ್ತದೆ. ಅರ್ಧ ಮಿಲಿಮೀಟರೂ ಇಲ್ಲದ ತಗಡಿಗೆ ಇದು ಸಣ್ಣ ಮಾತಲ್ಲ. ವರ್ಷಕ್ಕೆ ಒಂದು ಸಲ ಮೆಲ್ಲಗೆ ಮಾಡಿದರೆ ಸಾಕು.

ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ವಿಧಾನಗಳು ಇಲ್ಲಿ ಒಂದೂ ಬೇಡ. ಹುಣಸೆಹಣ್ಣು, ನಿಂಬೆಹಣ್ಣಿನ ಹುಳಿ ಬೆಸುಗೆಯ ಸಂದಿಗೆ ಇಳಿದು ಕೂರುತ್ತದೆ. ಟೂತ್‌ಪೇಸ್ಟ್ ಗೀರು ಹಾಕುತ್ತದೆ. ವಿಭೂತಿ ಪೂಜೆಯ ಸಾಮಾನಿಗೆ ಎಷ್ಟೋ ಕಾಲದಿಂದ ನಡೆದುಬಂದಿದೆ, ದಪ್ಪ ಬೆಳ್ಳಿಗೆ ಅದು ನಡೆಯುತ್ತದೆ. ಆದರೆ ವಿಭೂತಿಯ ಕಣ ಒಂದೇ ಸಮ ಇರುವುದಿಲ್ಲ, ಚಿತ್ತಾರದ ಸಂದಿಯಲ್ಲಿ ಬೆಳ್ಳಗೆ ಉಳಿದುಬಿಡುತ್ತದೆ. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರಿನ ವಿಡಿಯೊ ಎಲ್ಲರೂ ನೋಡಿರುತ್ತೀರಿ. ಒಳಗೆ ಅರಗು ತುಂಬಿದ ಬ್ರಷ್ಷನ್ನು ಅದರಲ್ಲಿ ಮುಳುಗಿಸಿದರೆ ನೀರು ಒಳಗೆ ನುಗ್ಗುತ್ತದೆ, ಮರ ಉಬ್ಬುತ್ತದೆ, ಶಾಖಕ್ಕೆ ಅರಗು ಮೆತ್ತಗಾಗಿ ಬೆಳ್ಳಿ ಸಡಿಲಾಗುತ್ತದೆ. ಅದ್ದಿ ತೆಗೆಯುವ ದ್ರಾವಣಗಳೂ ಬೇಡ, ಅವು ಸಂದಿಯಲ್ಲಿರಬೇಕಾದ ಕಪ್ಪು ನೆರಳನ್ನೂ ತೊಳೆದುಹಾಕಿ ಚಿತ್ತಾರವನ್ನು ಸಪ್ಪೆ ಮಾಡುತ್ತವೆ.

ಹೀಗೆ ಮಾಡಿ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ. ಕೈಗೆ ಹತ್ತಿಯ ಅಥವಾ ನೈಟ್ರೈಲ್ ಗ್ಲೌಸ್ ಹಾಕಿ, ಬೆರಳಿನ ಬೆವರಿನ ಉಪ್ಪು ಬೆಳ್ಳಿಯ ಮೇಲೆ ಅಚ್ಚೊತ್ತುತ್ತದೆ. ಮೊದಲು ಮೆತ್ತನೆಯ ಪೇಂಟಿಂಗ್ ಬ್ರಷ್ಷಿನಿಂದ ಧೂಳು ತೆಗೆಯಿರಿ, ಧೂಳಿನ ಮೇಲೇ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಬರೀ ಒಣ ಹತ್ತಿ ಬಟ್ಟೆ, ಒಗೆದು ಒಗೆದು ಮೆತ್ತಗಾದ ಪಂಚೆಯ ತುಂಡಾದರೆ ಇನ್ನೂ ಚೆನ್ನ. ಎಷ್ಟೋ ಸಲ ಇಷ್ಟಕ್ಕೇ ಸಾಕಾಗುತ್ತದೆ. ಕಪ್ಪು ಇನ್ನೂ ಇದ್ದರೆ ಔಷಧದ ಅಂಗಡಿಗೆ ಬರುವ ನುಣ್ಣನೆಯ ಪ್ರೆಸಿಪಿಟೇಟೆಡ್ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಗಟ್ಟಿಯಾಗಿ ಕಲಸಿ. ಹಲಗೆಗೆ ಬರೆಯುವ ಸೀಮೆಸುಣ್ಣ ಬೇರೆ, ಅದು ಬೇಡ. ಹತ್ತಿಯ ಬಡ್‌ಗೆ ಸ್ವಲ್ಪವೇ ಹಚ್ಚಿ, ಸಮತಟ್ಟಾದ ಜಾಗದಲ್ಲಿ ಮಾತ್ರ ಮೆಲ್ಲಗೆ ಆಡಿಸಿ. ಹಳ್ಳದೊಳಗಿನ ಕಪ್ಪು ಹಾಗೇ ಇರಲಿ. ಎತ್ತರದ ಮೂಗು ಕೆನ್ನೆಗಳ ಮೇಲೆ ಕೈ ತೇಲಿಸಿ. ಮುದ್ರೆಯನ್ನು ಮುಟ್ಟಬೇಡಿ, ಸವೆದ ಮುದ್ರೆ ಮತ್ತೆ ಬರುವುದಿಲ್ಲ. ಕೊನೆಗೆ ಒದ್ದೆ ಬಡ್‌ನಿಂದ ಪುಡಿ ತೆಗೆದು, ಕೂಡಲೇ ಒರೆಸಿ. ಚಿನ್ನದ ಲೇಪ ಇದ್ದರೆ ಪುಡಿಯನ್ನೇ ಬಳಸಬೇಡಿ, ಒದ್ದೆ ಬಟ್ಟೆ ಅಷ್ಟೆ.

ಬ್ರಷ್ಷಿನ ಕೂದಲು ಹಂದಿಯದು. ಬೆಳ್ಳಿಯ ಅಂಚನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಕೊಳ್ಳಿ. ತಟ್ಟೆಯಲ್ಲಿ ಒಂದು ಸೆಂಟಿಮೀಟರಿನಷ್ಟೇ ಉಗುರುಬೆಚ್ಚಗಿನ ನೀರು, ಒಂದು ಹನಿ ಶಾಂಪೂ. ಕೂದಲಿನ ತುದಿ ಮಾತ್ರ ಮುಳುಗುವ ಹಾಗೆ ಮೇಲೆ ಕೆಳಗೆ ಆಡಿಸಿ. ಬುಡಕ್ಕೆ ನೀರು ಹತ್ತಬಾರದು, ಅಲ್ಲಿ ಮರ ಇದೆ. ಬೇರೆ ನೀರಿನಲ್ಲಿ ಹೀಗೇ ಜಾಲಾಡಿಸಿ, ಕೂದಲು ಕೆಳಮುಖವಾಗಿ ಬಟ್ಟೆಯ ಮೇಲೆ ಇಟ್ಟು ನೆರಳಲ್ಲಿ ಒಣಗಿಸಿ. ಹೇರ್ ಡ್ರೈಯರ್, ಬಿಸಿಲು ಎರಡೂ ಬೇಡ.

ರಿಪೇರಿ

ತಗ್ಗು ಬಿದ್ದ ಬ್ರಷ್ಷನ್ನು ಹೊರಗಿನಿಂದ ತಟ್ಟಿ ಸರಿಮಾಡಲು ಆಗುವುದಿಲ್ಲ. ಬೆಳ್ಳಿ ಬಿಚ್ಚಿ, ಅರಗು ತೆಗೆದು, ಒಳಗಿನಿಂದ ಎತ್ತಿ, ಮತ್ತೆ ತುಂಬಬೇಕು. ನಮ್ಮ ಅಕ್ಕಸಾಲಿಗರಿಗೆ ಅರಗಿನ ಮೇಲೆ ಚಿತ್ತಾರ ಬಡಿಯುವ ಕೆಲಸ ಹೊಸದಲ್ಲ, ಹಾಗಾಗಿ ಹಳೆಯ ಕೈಗಳು ಇದನ್ನು ಮಾಡಬಲ್ಲವು. ಕೊಡುವ ಮುಂಚೆ ಎರಡು ಮಾತು ಖಡಾಖಂಡಿತವಾಗಿ ಹೇಳಿ: ಹೊಳಪಿಸುವ ಬಫ್ ಮೆಷಿನ್ನಿಗೆ ಹಿಡಿಯಬಾರದು, ಮುದ್ರೆಯ ಹತ್ತಿರ ಬೆಂಕಿ ಇಡಬಾರದು. ಕೂದಲು ಉದುರಿದ ಬ್ರಷ್ಷಿಗೆ ಹೊಸ ಕೂದಲು ಕಟ್ಟುವವರು ಇಂಗ್ಲೆಂಡಿನಲ್ಲಿ ಇಂದಿಗೂ ಇದ್ದಾರೆ. ಸಣ್ಣ ತೂತುಗಳನ್ನು ಮುಚ್ಚಿಸಲು ಹೋಗದೆ ಹಾಗೇ ಬಿಡುವುದು ಒಳ್ಳೆಯದು.

ಇಡುವುದು

ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ನ್ಯೂಸ್ ಪೇಪರ್ ಇವೆಲ್ಲ ಬೆಳ್ಳಿಯನ್ನು ಬೇಗ ಕಪ್ಪು ಮಾಡುತ್ತವೆ. ಪಿಷ್ಟ ಹಾಕದೆ ಒಗೆದ ಮಲ್ ಬಟ್ಟೆಯಲ್ಲಿ ಸುತ್ತಿ, ಮೇಲೆ ಜಿಪ್ ಚೀಲ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಪೊಟ್ಟಣ ಆಗಾಗ ಬದಲಿಸಬೇಕು. ಅಲ್ಮೇರಾದಲ್ಲಿ ನುಸಿಗುಳಿಗೆ ಇದ್ದರೆ ಇದನ್ನು ಅಲ್ಲಿಡಬೇಡಿ. ಬ್ರಷ್ಷಿನ ಕೂದಲಿಗೆ ಹುಳ ಬೀಳುತ್ತದೆ, ಆಗಾಗ ತೆಗೆದು ನೋಡಿ. ಕೂದಲು ಮೇಲ್ಮುಖವಾಗಿರಲಿ ಅಥವಾ ಪಕ್ಕಕ್ಕಿರಲಿ, ಭಾರ ಅದರ ಮೇಲೆ ಬೀಳುವುದು ಬೇಡ.

ಕಾಗದಪತ್ರ, ಮಾರಾಟ

ಪ್ರತಿ ತುಂಡಿನ ಮುಂದೆ, ಹಿಂದೆ, ಮುದ್ರೆ ಮೂರರ ಫೋಟೊ ತೆಗೆದಿಡಿ. ಎಲ್ಲಿಂದ ಬಂತು, ಯಾರದ್ದು, ಯಾವಾಗ ಕೊಂಡದ್ದು ಬರೆದಿಡಿ, ರಸೀದಿ ಜೊತೆಗಿಡಿ. ಇನಿಶಿಯಲ್ ಯಾರದ್ದೆಂದು ಗೊತ್ತಿದ್ದರೆ ಪೂರ್ತಿ ಹೆಸರು ಬರೆಯಿರಿ.

ಮಾರಬೇಕಾದರೆ ಬೆಳ್ಳಿ ಅಂಗಡಿಗೆ ಹೋಗಬೇಡಿ, ಅಲ್ಲಿ ಅರಗು ಮರ ಒಡೆದು ತೆಗೆದು ಉಳಿದ ತಗಡನ್ನಷ್ಟೇ ತೂಗುತ್ತಾರೆ. ಹಳೆಯ ವಸ್ತುಗಳ ಹರಾಜಿನವರನ್ನೋ ಸಂಗ್ರಾಹಕರನ್ನೋ ಹುಡುಕಿ. ವಸ್ತು ಭಾರತದಲ್ಲಿದ್ದು 100 ವರ್ಷ ದಾಟಿದ್ದರೆ ಒಂದು ವಿಷಯ ಗೊತ್ತಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಅಂಥದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಇಂಗ್ಲೆಂಡಿನ ಮಗಳಿಗೆ ಅಜ್ಜಿಯ ಕೈಗನ್ನಡಿ ಕಳಿಸುವ ಆಸೆ ಇದ್ದರೆ ಸೂಟ್‌ಕೇಸಿಗೆ ಹಾಕುವ ಮುಂಚೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಲ್ಲಿ ವಿಚಾರಿಸಿ. ಮುದ್ರೆ ಓದಿ ವರ್ಷ ಬರೆದಿಟ್ಟಿದ್ದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರುತ್ತದೆ.